ಎಲ್ಲ ಮಾಮೂಲು

ಗೋಡೆಯೊಳಗೆ ಲಿಫ್ಟು ಇಳಿಯುವ ಸದ್ದು, ಗಂಟಲು ಸರಿಮಾಡಿಕೊಂಡು ಮಾತೇ ಆಡದೆ ಸುಮ್ಮನಾದವರ ಹಾಗೆ, ಇಳಿಯಿತು, ನಿಂತಿತು, ಮತ್ತೆ ಏರುತ್ತಿದೆ, ಲಿಫ್ಟು ಮಾಡುವ ಕಂಪನಿಯ ಮೀಟಿಂಗ್ ರೂಮಿನಲ್ಲಿ ಕೂತು ಬೇರೆ ಯಾವ ಸದ್ದು ಕೇಳಬೇಕು, ಎದುರಿಗೆ ಲ್ಯಾಪ್‌ಟಾಪು, ಪರದೆಯ ಮೇಲೆ ಬಣ್ಣದ ಚೌಕಗಳು, ಹಸಿರು, ಹಳದಿ, ಕೆಂಪು, ಈ ಕಂಪನಿ ಲಂಚಕ್ಕೆ ಎಷ್ಟು ಹತ್ತಿರ ಇದೆ ಎಂದು ಅಳೆದು ಸಂಜೆಯೊಳಗೆ ಒಂದನ್ನು ಒತ್ತಬೇಕು, ತಪಾಸಣೆಗೆಂದು ಹೊರಗಿನಿಂದ ಬಂದ ಅವಳ ಕೆಲಸ ಅಷ್ಟೇ, ಜ್ವರ ನೋಡುವ ಕೆಲಸದ ಹಾಗೆ, ಆದರೆ ಇಲ್ಲಿ ನರ್ಸಿಗೆ ಸಂಬಳ ಕೊಡುವವನು ರೋಗಿ, ಥರ್ಮಾಮೀಟರೂ ರೋಗಿಯದೇ. ಕಣ್ಣು ಉರಿಯುತ್ತಿದೆ. ಎ.ಸಿ. ಗಾಳಿ ಸರಿಯಾಗಿ ಕತ್ತಿನ ಮೇಲೇ ಬೀಳುತ್ತಿದೆ, ಕುರ್ಚಿ ಸರಿಸಲೂ ಬೇಸರ. ಬೆಳಿಗ್ಗೆ ಮ್ಯಾನೇಜರು ಈ ಬಾಗಿಲಲ್ಲೇ ನಿಂತು ನಗುತ್ತ ಬರಮಾಡಿಕೊಂಡಿದ್ದರು, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಮ್ಮ, ನೋಡಿ, ಗೋಡೆ ಮೇಲೇ ಹಾಕಿದ್ದೀವಿ, ಗೋಡೆಯ ಮೇಲೆ ಗಾಜಿನ ಚೌಕಟ್ಟು, ನಾವು ಕೊಡುವುದಿಲ್ಲ, ನಾವು ಪಡೆಯುವುದಿಲ್ಲ, ಅದರ ಕೆಳಗೇ ನೀರಿನ ಯಂತ್ರ, ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಕೆಟ್ಟಿದೆ ಅಂತ, ಇಡೀ ಕಚೇರಿಯಲ್ಲಿ ನಿಜ ಹೇಳುತ್ತಿದ್ದದ್ದು ಆ ಚೀಟಿಯೊಂದೇ ಎಂದು ಆಗ ನಗು ಬಂದಿತ್ತು, ಈಗ ಬರುತ್ತಿಲ್ಲ. ಆಮೇಲೆ ಓಡಾಟದಣ್ಣನನ್ನು ಒಳಗೆ ಕಳಿಸಿದರು. ಕಚೇರಿಗೆ ಕಚೇರಿಯೇ ಅವನನ್ನು ಹಾಗೆ ಕರೆಯುತ್ತದೆ, ಹೊಸ ಲಿಫ್ಟು ಕೂರಿಸಿದ ಮೇಲೆ ಸರ್ಕಾರದ ಪರೀಕ್ಷಕರ ಕಚೇರಿಗೆ ಓಡಾಡಿ ಸಹಿ ಹಾಕಿಸಿಕೊಂಡು ಬರುವವನು ಅವನೊಬ್ಬನೇ, ಆ ಸಹಿ ಇಲ್ಲದೆ ಲಿಫ್ಟು ಹತ್ತುವ ಹಾಗಿಲ್ಲ, ಅವನು ಬಂದ, ಕುರ್ಚಿಯ ಅಂಚಿನಲ್ಲಿ ಕೂತ, ಬಿಳಿ ಅಂಗಿ, ಎದೆಯ ಜೇಬು ಖಾಲಿ, ಖಾಲಿಯಾದರೂ ಚಪ್ಪಟೆಯಾಗಿ ಬೀಳದೆ ಒಳಗೇನೋ ಇದ್ದ ಹಾಗೆ ಉದ್ದಕ್ಕೆ, ಚೌಕವಾಗಿ, ಉಬ್ಬಿ ನಿಂತಿತ್ತು, ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಪರೀಕ್ಷಕರ ಆಫೀಸಲ್ಲಿ ಏನಾದ್ರೂ ತೊಂದರೆ ಇದೆಯಾ ಎಂದು ಕೇಳಿದಳು, ಎಲ್ಲರಿಗೂ ಕೇಳುವ ಪ್ರಶ್ನೆ, ಏನಿಲ್ಲ ಮೇಡಂ, ಎಲ್ಲ ಮಾಮೂಲು, ಅಂದ. ಎಂದಿನಂತೆ, ತೊಂದರೆ ಇಲ್ಲ, ಎಂದು ಟೈಪು ಮಾಡಿದಳು, ಅವನು ಅವಳ ಬೆರಳುಗಳನ್ನೇ ನೋಡುತ್ತಿದ್ದ, ಬರ್ಕೊಂಡೇಬಿಟ್ರಾ ಮೇಡಂ, ಹೂಂ ಬರ್ಕೊಂಡೆ, ಅವನ ಮುಖ ಸುಣ್ಣವಾಯಿತು, ಅದೂ ಕಣ್ಣಿಗೆ ಬಿತ್ತು, ಅದೂ ತಲೆಗೆ ಹೋಗಲಿಲ್ಲ, ಬರೆದದ್ದನ್ನು ಹಾಗೇ ತನ್ನ ಕಂಪನಿಯ ಮೇಲಿನವರಿಗೆ ಕಳಿಸಿಯೂ ಬಿಟ್ಟಳು.

ಊಟದ ಹೊತ್ತಿಗೆ ಅವನೇ ತಟ್ಟೆ ಹಿಡಿದು ಎದುರಿಗೆ ಬಂದು ಕೂತ, ಅತ್ತಿತ್ತ ನೋಡಿದ, ಮೇಡಂ, ನನ್ನ ಹೆಸರು ಹಾಕಿಲ್ಲ ತಾನೇ, ಯಾವುದಕ್ಕೆ, ಅದೇ, ಮಾಮೂಲು ಅಂದ್ನಲ್ಲ, ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಇಷ್ಟು ದೊಡ್ಡ ಪ್ರಶ್ನೆಪಟ್ಟಿ ಹೊತ್ತುಕೊಂಡು ಬಂದವಳು, ಅವನು ಬಾಯಿಬಿಟ್ಟು ಹೇಳಿದ್ದನ್ನು ಕಿವಿಯಾರೆ ಕೇಳಿ, ಅದನ್ನೇ ತೊಂದರೆ ಇಲ್ಲ ಎಂದು ಬರೆದುಕೊಂಡಿದ್ದಾಳೆ, ಲಂಚ ಎನ್ನುವ ಶಬ್ದಕ್ಕೆ ಕಾಯುತ್ತ ಕೂತಿದ್ದಳು, ಅದನ್ನು ಯಾರು ಆಡುತ್ತಾರೆ, ಅದು ಗೋಡೆಯ ಮೇಲಿನ ಶಬ್ದ, ಆಡುವ ಶಬ್ದ ಇದು, ದಿನಾ ಇರುವಂಥದ್ದು, ಇದ್ದೇ ಇರುವಂಥದ್ದು. ನೀವೇ ಕೇಳಿದ್ರಿ ಅಂತ ಹೇಳಿಬಿಟ್ಟೆ, ನಮ್ಮನೆಯವಳು ಯಾವಾಗ್ಲೂ ಹೇಳ್ತಾಳೆ ನಿನ್ನ ಬಾಯಿಗೆ ಬಾಗಿಲೇ ಇಲ್ಲ ಅಂತ. ಅಲ್ಲಣ್ಣ, ಆ ಪರೀಕ್ಷಕರು ಲಿಫ್ಟು ನೋಡೋದೇ ಇಲ್ವಾ. ಸಾಹೇಬ್ರಿಗೆ ಮೊಣಕಾಲು ನೋವು ಮೇಡಂ, ಮೆಟ್ಟಿಲು ಹತ್ತೋಕಾಗಲ್ಲ, ಲಿಫ್ಟಲ್ಲೇ ಹೋಗಿ ಸಾರ್ ಅಂದ್ರೆ, ಇನ್ನೂ ಪರೀಕ್ಷೆ ಆಗಿಲ್ವಲ್ಲಪ್ಪ, ಹೇಗೆ ಹತ್ತೋದು ಅಂತಾರೆ, ಕಾರಲ್ಲೇ ಕೂತು ಸಹಿ ಹಾಕ್ತಾರೆ. ಇಬ್ಬರೂ ನಕ್ಕರು, ಜೋರಾಗಿಯೇ, ಪಕ್ಕದ ಮೇಜಿನವರು ತಿರುಗಿ ನೋಡಿದರು, ನಗು ನಿಂತ ಮೇಲೆ ಅವಳು ಕೇಳಿದಳು, ಮ್ಯಾನೇಜರಿಗೆ ಗೊತ್ತಾ. ಹೆಂಡ್ತಿ ಒಡವೆ ಮಾರಿ ಕೊಡ್ತೀನಾ ಮೇಡಂ, ಲಕೋಟೆ ಅವರ ಮೇಜಿನ ಮೇಲಿರುತ್ತೆ, ನಾನು ಎತ್ತಿ ಇಲ್ಲಿ ಇಟ್ಕೋತೀನಿ, ಎದೆ ತಟ್ಟಿಕೊಂಡ, ಅಷ್ಟು ಹೊತ್ತು ಅವರು ಕಿಟಕಿ ಕಡೆ ತಿರುಗಿರ್ತಾರೆ, ಮಗಳದು ಇನ್ನೂ ಓದು ಮುಗಿದಿಲ್ಲ ಮೇಡಂ, ಅಲ್ಲೀವರೆಗೆ ತಳ್ಬೇಕು. ಆಗ ಜೇಬು ತಲೆಗೆ ಹೋಯಿತು. ಎಷ್ಟೋ ವರ್ಷ ಲಕೋಟೆ ಹೊತ್ತ ಬಟ್ಟೆ, ಒಗೆದರೂ ಇಸ್ತ್ರಿ ಮಾಡಿದರೂ ಹೋಗದ ಆಕಾರ, ಅಂಗಿ ಹಳತಾಗಿದೆ, ಆಕಾರ ಹಳತಾಗಿಲ್ಲ.

ಇನ್ನೇನು ಸಂಜೆಯಾಗುತ್ತದೆ. ಮೇಲಿನವರ ಫೋನು ಬಂದು ಹೋಗಿದೆ, ನೋಡಮ್ಮ, ಬೆಳಿಗ್ಗೆ ಕಳಿಸಿದ್ದು ಚೆನ್ನಾಗಿದೆ, ಹಾಗೇ ಇರಲಿ, ಮುಂದಿನ ವರ್ಷವೂ ನಮ್ಮನ್ನೇ ಕರೀಬೇಕಲ್ವಾ, ಇಲ್ಲದ್ದನ್ನ ಕೆದಕೋಕೆ ಹೋಗಬೇಡ. ಇಲ್ಲದ್ದನ್ನ. ಅದರ ಹಿಂದೆಯೇ ಅಮ್ಮನ ಫೋನು, ಮಾತ್ರೆ ಮುಗೀತು, ಬರುವಾಗ ತಂದುಬಿಡು, ತರ್ತೀನಿ, ನಮ್ಮ ಬಿಲ್ಡಿಂಗ್ ಲಿಫ್ಟು ಸರಿಯಾಯ್ತೇನಮ್ಮ, ಮಾಮೂಲು ಕಣೇ, ಗೇಣು ಕೆಳಗೆ ನಿಲ್ಲುತ್ತೆ, ಕಾಲೆತ್ತಿ ಇಡೋದು ಅಭ್ಯಾಸ ಆಗಿದೆ, ಈ ವಯಸ್ಸಲ್ಲಿ ಕುಣಿಯೋದು ಕಲಿಸ್ತಿದೆ. ಆ ಲಿಫ್ಟಿನ ಗುಂಡಿಗಳ ಮೇಲಿನ ತಗಡಿನಲ್ಲಿ ಇದೇ ಕಂಪನಿಯ ಹೆಸರು, ದಿನಾ ನೋಡಿದ್ದಾಳೆ, ಅದನ್ನೂ ಯಾರೋ ಕಾರಲ್ಲಿ ಕೂತು ನೋಡಿರಬೇಕು, ಅಮ್ಮ ಕಾಲೆತ್ತುತ್ತಾಳೆ, ಒಂದು ದಿನ ಎತ್ತುವುದು ಮರೆಯುತ್ತಾಳೆ — ಬೇಡ. ಕೆಂಪು ಒತ್ತು ಹಾಗಾದರೆ, ಒತ್ತಿದ್ದಳಲ್ಲ ಹೋದ ವರ್ಷ, ಔಷಧಿ ಕಂಪನಿಯಲ್ಲಿ, ಎದೆಯುಬ್ಬಿಸಿಕೊಂಡು ಒತ್ತಿದ್ದಳು, ಅವರು ದುಡ್ಡು ಹೊತ್ತ ಡ್ರೈವರನ್ನು ತೆಗೆದುಹಾಕಿದರು, ಕಠಿಣ ಕ್ರಮ ಕೈಗೊಳ್ಳಲಾಗಿದೆ ಎಂದು ಬರೆದರು, ಬೇರೊಬ್ಬ ಡ್ರೈವರು ಬಂದ, ಕೆಂಪು ಹಸಿರಾಯಿತು, ಅದೇ ಕಾರು, ಅದೇ ದಾರಿ. ಇಲ್ಲೂ ಓಡಾಟದಣ್ಣ ಹೋಗುತ್ತಾನೆ, ಹೆಸರು ಹಾಕದಿದ್ದರೂ ಅವನೇ, ಓಡಾಡುವವನು ಇನ್ನೊಬ್ಬನಿಲ್ಲ, ಹೊಸಬನೊಬ್ಬ ಹೊಸ ಅಂಗಿ ಹಾಕಿಕೊಂಡು ಬರುತ್ತಾನೆ, ಸಾಹೇಬರ ಮೊಣಕಾಲು ಹಾಗೇ ಇರುತ್ತದೆ, ಅಮ್ಮನ ಲಿಫ್ಟು ಒಂದು ಬೆರಳೂ ಮೇಲೆ ಏರುವುದಿಲ್ಲ. ಅಥವಾ ಏರುತ್ತದೇನೋ, ಯಾರಿಗೆ ಗೊತ್ತು, ಯೋಚಿಸಲು ತಲೆ ಬೇಕು, ತಲೆ ಬೆಳಿಗ್ಗೆಯಿಂದ ಅವಲಕ್ಕಿ ಕುಟ್ಟಿದ ಹಾಗಾಗಿದೆ. ಎಂದಿನಂತೆ, ತೊಂದರೆ ಇಲ್ಲ. ಇರಲಿ ಬಿಡು. ಒಬ್ಬನ ಕೆಲಸ ಉಳಿಯಿತು ಅನ್ನು, ಕರುಣೆ ಅಂತ ಅಂದುಕೊಂಡರೆ ಕರುಣೆ, ನಿಜವಾಗಿ ಬರೀ ದಣಿವು, ಮನೆಗೆ ಹೋಗಬೇಕು, ಮಾತ್ರೆ ಅಂಗಡಿ ಮುಚ್ಚುವುದರೊಳಗೆ, ಹಸಿರು ಒತ್ತಿದಳು, ಚೌಕ ತುಂಬಿಕೊಂಡಿತು, ಅಷ್ಟು ಸುಲಭ, ಬಾಗಿಲು ತೆರೆಯಿತು, ಮ್ಯಾನೇಜರು, ಬೆಳಗಿನದೇ ನಗು, ಮುಗೀತೇನಮ್ಮ, ಮುಗೀತು ಸಾರ್, ಹೇಗಿದೆ ನಮ್ಮ ಜಾತಕ, ಅವಳು ಲ್ಯಾಪ್‌ಟಾಪು ಮುಚ್ಚುತ್ತ, ತಲೆಯೂ ಎತ್ತದೆ, ಎಲ್ಲ ಮಾಮೂಲು ಸಾರ್, ಅಂದಳು.

ಅಂದುಬಿಟ್ಟಳು. ತಲೆ ಎತ್ತಿದಾಗ ನಗು ಅಲ್ಲೇ ಇತ್ತು, ಕಣ್ಣು ಬೇರೆಯಾಗಿತ್ತು. ಮಾಮೂಲು, ಮ್ಯಾನೇಜರು ಮೆಲ್ಲಗೆ ಅಂದರು, ಶಬ್ದವನ್ನು ಬಾಯಲ್ಲಿಟ್ಟು ರುಚಿ ನೋಡುವವರ ಹಾಗೆ, ಯಾರಮ್ಮ ಹೇಳಿದ್ದು. ಹಾಗಲ್ಲ ಸಾರ್, ಎಂದಿನಂತೆ ಅಂತ, ಎಲ್ಲ ಸರಿಯಾಗಿದೆ ಅಂತ, ನೋಡಿ, ಹಸಿರೇ ಹಾಕಿದ್ದೀನಿ — ಯಾಕೆ ಇಷ್ಟು ಮಾತು, ಬಾಯಿ ಮುಚ್ಚು, ಗೊತ್ತಿಲ್ಲದವಳು ಹೀಗೆ ವಿವರಿಸುತ್ತಾಳೆಯೇ, ಗೊತ್ತಿಲ್ಲದವಳ ಮುಖಕ್ಕೆ ಹೀಗೆ ರಕ್ತ ಏರುತ್ತದೆಯೇ, ಅವರು ಕೇಳಿಸಿಕೊಳ್ಳುತ್ತಿಲ್ಲ, ಹಸಿರನ್ನು ನೋಡುತ್ತಲೂ ಇಲ್ಲ, ಕಿಟಕಿಯ ಕಡೆ ತಿರುಗುತ್ತಾರೆ ಅಂದುಕೊಂಡಳು, ತಿರುಗಲಿಲ್ಲ, ಗಾಜಿನ ಬಾಗಿಲಿನಾಚೆ ನೋಡಿದರು, ಅವಳೂ ನೋಡಿದಳು, ನೋಡಬಾರದಿತ್ತು, ಆಚೆ ಬೆಂಚಿನ ಮೇಲೆ ಓಡಾಟದಣ್ಣ, ಇಬ್ಬರೂ ತನ್ನನ್ನೇ ನೋಡುತ್ತಿರುವುದು ಕಂಡು, ಕರೆದರೇನೋ ಅಂತ ಎದ್ದು ನಿಂತ, ಅರ್ಧ ನಗು, ಗೋಡೆಯೊಳಗೆ ಲಿಫ್ಟು ಇಳಿಯುತ್ತಿದೆ, ಹೇಳು, ಏನಾದರೂ ಹೇಳು, ಅವನ ಕೈ ತಾನಾಗಿಯೇ ಎದೆಗೆ ಹೋಯಿತು, ಜೇಬು ಸವರಿತು, ಏನೂ ಇಲ್ಲದ ಜೇಬು, ಉದ್ದಕ್ಕೆ, ಚೌಕವಾಗಿ, ಉಬ್ಬಿದ ಜೇಬು, ಮ್ಯಾನೇಜರು ಅದನ್ನೇ ನೋಡುತ್ತಿದ್ದಾರೆ, ಆ ಜೇಬು,