ನೀರಿನೊಳಗಿನ ನೀಲಿ ಬೆಂಕಿ

ಬೆಸಗರಹಳ್ಳಿ ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮದ್ದೂರು ಪೇಟೆಯಲ್ಲಿ ಬೆಳೆದವನಿಗೆ ಭತ್ತದ ಪರಿಚಯ ಅನ್ನವಾಗಿ ಎಲೆಗೆ ಬಿದ್ದ ಮೇಲಷ್ಟೇ. ಅಂಥ ನನ್ನನ್ನು, ಎಪ್ಪತ್ನಾಲ್ಕರ ಸೆಪ್ಟೆಂಬರಿನಲ್ಲಿ, ಮನೆಗೆ ಹಾಲು ಕೊಡುತ್ತಿದ್ದ ಅಂಕಮ್ಮ ತನ್ನ ಗದ್ದೆಗೆ ಕರೆದುಕೊಂಡು ಹೋದಳು.

"ನಾಟಿ ಮಾಡಿ ತಿಂಗ್ಳಾಯ್ತು ಮೇಷ್ಟ್ರೇ, ಪೈರೆಲ್ಲಾ ಅಳದಿಗೆ ತಿರುಗ್ತಾ ಅದೆ. ಈವಯ್ಯ ನೀರು ಬುಡಾಕಿಲ್ಲ ಅಂತ ಅಟ ಇಡ್ಕಂಡು ಕುಂತವ್ನೆ. ಇದೋದ್ರೆ ವರ್ಸೆಲ್ಲಾ ಏನುಣ್ಣಾದು? ನೀವಾರಾ ಏಳಿ."

ಈವಯ್ಯ ಎಂದರೆ ಅವಳ ಗಂಡ ತಿಮ್ಮಯ್ಯ. ಆ ವರ್ಷ ಬೆಳೆ ಜಾಸ್ತಿ ಬರಲಿ ಎಂದು ಎರಡು ಗಾಡಿ ಹೊಂಗೆ ಸೊಪ್ಪು ಗೊಬ್ಬರಕ್ಕೆಂದು ಹೆಚ್ಚಾಗಿ ಕೆಸರಿಗೆ ತುಳಿಸಿ, ಅದು ಕೊಳೆಯಲೂ ಬಿಡದೆ ಮಾರನೆಯ ದಿನವೇ ನಾಟಿ ಹಾಕಿಸಿದ್ದ. ಅಂದಿನಿಂದ ಗೇಣುದ್ದ ನೀರು ನಿಲ್ಲಿಸಿದ್ದ. ಬದು ಕಡಿದು ನೀರು ಬಿಟ್ಟರೆ ಅದು ಕೆಳಗಿನ ಗದ್ದೆಗೆ ಇಳಿಯುತ್ತದೆ. ಆ ಗದ್ದೆ ತಿಮ್ಮಯ್ಯನ ತಮ್ಮ ನಿಂಗಯ್ಯನದು. ನಾಲೆ ನೀರಿನ ಸರದಿಗೆ ಜಗಳವಾಡಿಕೊಂಡು ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು.

"ಅವ್ನ ಗದ್ದೆಗೆ ನನ್ ನೀರಾ? ಪೈರು ಸತ್ರೂ ಸರಿಯೇ" ಎಂದ ತಿಮ್ಮಯ್ಯ. ನನಗೆ ಮೈ ಉರಿಯಿತು. ಮೊಂಡನಿಗೆ ಪಾಠ ಹೇಳುವುದು ನನ್ನ ಕಸುಬು, ಆದರೆ ಮೀಸೆ ಬಂದ ಮೊಂಡನಿಗಲ್ಲ.

ಒಂದು ಪೈರು ಕಿತ್ತೆ. ಬೇರು ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ. ಕಾಲಿಟ್ಟ ಕಡೆಯೆಲ್ಲ ಗುಳುಗುಳು ಗುಳ್ಳೆ. ಮಧ್ಯಾಹ್ನ ಶಾಲೆಯಿಂದ ಬಾಟಲಿ, ಲಾಳಿಕೆ ತಂದೆ. ನೀರು ತುಂಬಿದ ಬಾಟಲಿಯ ಬಾಯಿಗೆ ಲಾಳಿಕೆ ಸಿಕ್ಕಿಸಿ, ಗದ್ದೆ ನೀರಿನಲ್ಲಿ ಬೋರಲು ಹಿಡಿದು, ಕೆಸರು ಕೆದಕಿ, ಗುಳ್ಳೆಗಳನ್ನೆಲ್ಲ ಅದರೊಳಗೆ ಹಿಡಿದೆ. ಬಿಸಿಲಿನಲ್ಲಿ ಉರಿ ಕಾಣದೆಂದು ನಾನು ಹೇಳಿದ್ದಕ್ಕೆ ಅಂಕಮ್ಮ ಗೋಣಿಚೀಲ ಹಿಡಿದು ನೆರಳು ಮಾಡಿದಳು. ಬಾಟಲಿಯ ಬಾಯಿಗೆ ಬೆಂಕಿಕಡ್ಡಿ ತಾಗಿಸಿದೆ.

ನೀಲಿ ಜ್ವಾಲೆ! ಕೆಸರಿನ ಅನಿಲ ಹೀಗೆ ಉರಿಯುತ್ತದೆಂದು ಹನ್ನೆರಡು ವರ್ಷ ಸೀಮೆಸುಣ್ಣದಲ್ಲಿ ಬರೆದು ಪಾಠ ಮಾಡಿದ್ದೆ, ಕಣ್ಣಾರೆ ಕಂಡದ್ದು ಅಂದೇ. ನಾಚಿಕೆಯಾಯಿತು.

"ಇದೇನ್ ಸಾಮಿ, ಗದ್ದೆನಾಗೆ ಬೆಂಕಿ?" ಎಂದ ತಿಮ್ಮಯ್ಯ.

"ಸಗಣಿ ಗ್ಯಾಸ್ ನೋಡಿದ್ದೀಯಲ್ಲಪ್ಪ, ಅದೇ ಇದು. ನೀರು ಮುಚ್ಚಿಕೊಂಡು ಮಣ್ಣಿಗೆ ಗಾಳಿಯೇ ಇಲ್ಲ. ಹಸಿ ಸೊಪ್ಪು ಕೊಳೆತು ಹೀಗಾಗುತ್ತೆ. ಬೇರಿಗೂ ಉಸಿರು ಕಟ್ಟಿದೆ. ಒಂದು ವಾರ ನೀರು ಬಸಿ, ಈ ಗ್ಯಾಸೂ ನಿಲ್ಲುತ್ತೆ, ಬೇರಿಗೂ ಉಸಿರು ಬರುತ್ತೆ."

"ಎಲ್ಲಾರ ಗದ್ದೆನಾಗೂ ಇದು ಅದಾ?"

ನೀರು ನಿಂತ ಕಡೆಯೆಲ್ಲ ಇದೆ ಎಂದೆ. ಹಾಗೆನ್ನುತ್ತಲೇ ತಲೆಯೆತ್ತಿ ನೋಡಿದೆ. ಮಳವಳ್ಳಿಯ ದಿಕ್ಕಿಗೆ ಕಣ್ಣು ಹಾಯುವಷ್ಟೂ ಹಸಿರು. ಅಷ್ಟೂ ಗದ್ದೆ ಹಗಲೂ ರಾತ್ರಿ ಹೀಗೇ ಉಸಿರು ಬಿಡುತ್ತಿದೆ, ಆ ಉಸಿರು ಯಾರ ಕಣ್ಣಿಗೂ ಬೀಳದೆ ಆಕಾಶ ಸೇರುತ್ತಿದೆ. ಅಲ್ಲಿ ಹೋಗಿ ಅದೇನು ಮಾಡುತ್ತದೋ ನನಗೆ ತಿಳಿಯದು. ಹೆದರಿಕೆಯೋ ಭಕ್ತಿಯೋ, ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಬದುವಿನ ಮೇಲಿಟ್ಟೆ.

ಕೆಳಗಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ನಿಂಗಯ್ಯನತ್ತ ತಿಮ್ಮಯ್ಯ ತಿರುಗಿ ನೋಡಿದ. ಗುದ್ದಲಿ ತೆಗೆದುಕೊಂಡು ಕೆಳಬದುವಿಗೆ ಹೋದ.

"ಲೇ ನಿಂಗಾ! ನೀರು ಬುಡ್ತಾ ಇವ್ನಿ ಕಣ್ಲಾ! ನಿನ್ ಪೈರಿನ ಬೇರು ಕಿತ್ತು ನೋಡು, ಕರ್ರಗಿದ್ರೆ ನೀನೂ ಬುಟ್ಬುಡು!"

ನಿಂಗಯ್ಯ ಬಗ್ಗಿ ಒಂದು ಪೈರು ಕಿತ್ತು ಮೂಸಿದ. ಆಮೇಲೆ ತನ್ನ ಬದುವನ್ನೂ ಕಡಿದ.

ಹತ್ತು ದಿನದ ಮೇಲೆ ಅಂಕಮ್ಮ ಶಾಲೆಗೇ ಬಂದು ನನ್ನ ಮೇಜಿನ ಮೇಲೊಂದು ಪೈರಿಟ್ಟಳು. ಕಪ್ಪು ಬೇರಿನ ನಡುವೆ ಹೊಸ ಬಿಳಿ ಬೇರು.

"ನಿಮ್ಮ ಗದ್ದೆಯದಾ?"

"ನಮ್ದೂ ಇಂಗೇ ಅದೆ. ಇದು ನಿಂಗಯ್ಯನ್ದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಣ್ಣಂಗೆ ತೋರ್ಸು ಅತ್ಗೆ ಅಂತ ಅವ್ನೇ ಕಿತ್ಕೊಟ್ಟ."