ಬಾಮೈದ ಹಾಕಿದ ಫಿಲ್ಟರ್

ಕಾರಿನಡಿ ಇಟ್ಟಿದ್ದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಲೋಟದಷ್ಟು ಡೀಸೆಲ್ ಕೂತಿತ್ತು. ಕಾಂತರಾಜು ಬೇಸಿನ್ನನ್ನು ಎತ್ತಿ ತಂದು ಹೆಂಡತಿಯ ಮುಂದೆ ಹಿಡಿದ.

"ನೋಡು, ನಿನ್ ತಮ್ಮನ ಕೈಗುಣ."

ಸಿಂಧು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳು ಆಡಿದ ಮಾತಿಗಿಂತ ನೋಡಿದ ನೋಟವೇ ಹೆಚ್ಚು.

ಕಾಂತರಾಜು ದೇವನೂರಿನಿಂದ ಬಾಡಿಗೆಗೆ ಕಾರು ಓಡಿಸುತ್ತಿದ್ದ. ಸಿಂಧುವಿನ ತಮ್ಮ ಪ್ರೇಮ್‌ಕುಮಾರನದು ನರಸೀಪುರದಲ್ಲಿ ಒಂದು ಸಣ್ಣ ಗ್ಯಾರೇಜು. ಹೋದ ಶುಕ್ರವಾರ ಅವನೇ ಬಂದು ಮನೆ ಮುಂದೆಯೇ ಕಾರಿನ ಹಳೆಯ ಡೀಸೆಲ್ ಫಿಲ್ಟರ್ ಬಿಚ್ಚಿ ಹೊಸದು ಹಾಕಿ ಹೋಗಿದ್ದ. ಶನಿವಾರವೆಲ್ಲ ಗಾಡಿ ಚೆನ್ನಾಗಿ ಓಡಿತು. ಭಾನುವಾರದಿಂದ ಶುರುವಾಯಿತು ಈ ಸೋರಿಕೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲು ಒದ್ದಾಡುತ್ತಿತ್ತು. ಒಳಗೆ ಕೂತರೆ ಡೀಸೆಲ್ ವಾಸನೆ. ನಿನ್ನೆ ನಂಜನಗೂಡಿನ ಒಂದು ಕುಟುಂಬ ಅರ್ಧ ದಾರಿಯಲ್ಲೇ ಮೂಗು ಮುಚ್ಚಿಕೊಂಡು ಇಳಿದು ಬಸ್ಸು ಹತ್ತಿತ್ತು.

"ಅಳೇ ಫಿಲ್ಟರ್‌ಗೆ ಬಣ್ಣ ಬಳ್ದು ಒಸದು ಅಂತ ಆಕವ್ನೆ ಅಂತಾನೆ ಅಮೃತೇಶ," ಎಂದ ಕಾಂತರಾಜು. ಅಮೃತೇಶ ನಂಜನಗೂಡಿನ ಸ್ಟ್ಯಾಂಡಿನಲ್ಲಿ ಇವನ ಪಕ್ಕದಲ್ಲೇ ಕಾರು ನಿಲ್ಲಿಸುವವನು.

ಅಮೃತೇಶ ಯಾವಾಗ ನೋಡಿದ ಎಂದು ಕೇಳಬೇಕೆನಿಸಿತು ಸಿಂಧುವಿಗೆ. ಕೇಳಲಿಲ್ಲ. ಆದರೆ ಆ ಹೆಸರನ್ನು ಮನಸ್ಸಿನಲ್ಲಿ ಒಂದು ಕಡೆ ತೆಗೆದಿಟ್ಟುಕೊಂಡಳು. ಇವನ ಗಾಡಿ ಕೆಟ್ಟು ನಿಂತರೆ ಬಾಡಿಗೆ ಹೋಗುವುದು ಅವನಿಗೇ ತಾನೆ?

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಸಣ್ಣತಾಯಮ್ಮ ತಲೆ ಎತ್ತದೆ ಹೇಳಿದಳು, "ನೆಂಟ್ರ ಕೈಲಿ ಕೆಲ್ಸ ಮಾಡಿಸ್ಬಾರ್ದು ಕಣ್ಲಾ. ಬೈಯಂಗೂ ಇಲ್ಲ, ಬಿಡಂಗೂ ಇಲ್ಲ."

"ನಾನ್ಯಾಕವ್ವ ಬಿಡ್ಲಿ? ಈವತ್ತೇ ಓಯ್ತೀನಿ ನರಸೀಪುರಕ್ಕೆ. ಅವನ ಗ್ಯಾರೇಜ್ ಮುಂದೆ ನಾಲ್ಕ್ ಜನ ಸೇರ್ಸಿ ಕೇಳ್ತೀನಿ."

"ಕೇಳು. ಕೇಳ್ಬುಟ್ಟು, ಇನ್ನ ನಮ್ಮ ಒಸ್ಲು ತುಳೀಬೇಡ ಅಂತ ಏಳ್ಬುಟ್ ಬಾ."

ಸಿಂಧು ಒಳಗೆ ಬಂದಳು. ಅಪ್ಪ ಅಮ್ಮ ಇಲ್ಲದ ಅವಳಿಗೆ ತವರು ಎಂದರೆ ಪ್ರೇಮ ಒಬ್ಬನೇ. ಅವನು ಈ ಹೊಸ್ತಿಲು ತುಳಿಯಬಾರದು ಎಂದರೆ ಗೌರಿ ಹಬ್ಬಕ್ಕೆ ಬಾಗಿನ ತರುವವರು ಯಾರು? ಕಷ್ಟ ಸುಖ ಎಂದರೆ ಓಡಿ ಬರುವವರು ಯಾರು?

ದನದ ಕೊಟ್ಟಿಗೆಯ ಹಿಂದೆ ನಿಂತು ತಮ್ಮನಿಗೆ ಫೋನ್ ಮಾಡಿದಳು. ಅವನ ಮೇಲೂ ಅವಳಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಚಿಕ್ಕವನಿದ್ದಾಗ ಊರಿನ ಹುಡುಗರಿಗೆ ತೇಪೆ ಹಾಕಿದ ಸೈಕಲ್ ಟ್ಯೂಬನ್ನು ಹೊಸದೆಂದು ದಾಟಿಸುತ್ತಿದ್ದವನು ಅವನು.

"ಪ್ರೇಮು, ನಿಜ ಏಳು. ಒಸದೇ ಆಕಿದ್ದಾ?"

ಆ ಕಡೆ ಸುತ್ತಿಗೆಯ ಸದ್ದು ನಿಂತಿತು.

"ನಿನ್ನ ಎದುರ್ಗೇ ಡಬ್ಬಿ ಒಡ್ದು ತಗ್ದಿದ್ದಲ್ವಾ ಅಕ್ಕ. ನೀನೂ ಇಂಗ್ ಕೇಳ್ತೀಯಾ?"

ಅವನು ಫೋನ್ ಇಟ್ಟ. ಹೌದು, ಡಬ್ಬಿ ಒಡೆದದ್ದನ್ನು ಅವಳು ನೋಡಿದ್ದಳು. ಫಿಲ್ಟರಿನ ತಲೆಯ ಮೇಲಿನ ರಬ್ಬರ್ ಬಳೆಗೆ ಅವನು ಬೆರಳಿನಿಂದ ಡೀಸೆಲ್ ಸವರಿದ್ದನ್ನು, ಕೈಯಲ್ಲೇ ತಿರುಗಿಸಿ ಕೂರಿಸಿದ್ದನ್ನು, ಆಮೇಲೆ ಅರ್ಧ ಗಂಟೆ ಇಂಜಿನ್ ಓಡಿಸಿ ಕೆಳಗೆ ಹಳೆಯ ಪೇಪರ್ ಹಾಸಿ ಒಂದು ಹನಿಯೂ ಬೀಳಲಿಲ್ಲ ಎಂದು ತೋರಿಸಿದ್ದನ್ನು ಕೂಡ. ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವಳು ಅವಳೇ. ಹಾಗಾದರೆ ಶುಕ್ರವಾರ ಸೋರದ್ದು ಭಾನುವಾರ ಯಾಕೆ ಸೋರಿತು?

ಕಾಂತರಾಜು ಸ್ನಾನಕ್ಕೆ ಹೋದ. ಸಿಂಧು ಕಾರಿನ ಬಳಿಗೆ ಹೋದಳು. ಬಾನೆಟ್ ತೆರೆದೇ ಇತ್ತು. ಫಿಲ್ಟರಿನ ಮೈ ಪೂರಾ ಒದ್ದೆಯಾಗಿತ್ತು. ಸೆರಗಿನ ತುದಿಯಿಂದ ಒರೆಸಿದಳು. ಬಟ್ಟೆಗೆ ಕರಿಯ ಜಿಡ್ಡು ಹತ್ತಿತು, ಅದರ ಜೊತೆಗೆ ಕೆಂಪು. ಮೂಸಿ ನೋಡಿದಳು, ಬೆರಳಲ್ಲಿ ತಿಕ್ಕಿದಳು. ಕುಂಕುಮ.

ಶುಕ್ರವಾರ ಕುಂಕುಮ ಇರಲಿಲ್ಲ. ಮನೆಗೆ ಬಂದ ಹೊಸದಕ್ಕೆಲ್ಲ ಕುಂಕುಮ ಇಡುವ ಅತ್ತೆ ಅಂದು ಚಿಕ್ಕಯ್ಯನಛತ್ರದಲ್ಲಿರುವ ಮಗಳ ಮನೆಯಲ್ಲಿದ್ದಳು, ಶನಿವಾರ ಸಂಜೆ ಬಂದಳು.

ಸಿಂಧು ಬಾನೆಟ್ ಹಾಗೇ ಬಿಟ್ಟು ದೇವರ ಗೂಡಿನ ಮುಂದೆ ಹೋಗಿ ಕೂತಳು. ಮನೆಯನ್ನು ದಿನವೂ ಸಾರಿಸುವವಳು ಅವಳೇ, ಆದರೆ ಗೂಡಿನ ಮುಂದಿನ ಮಣೆಯನ್ನು ಅತ್ತೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮಣೆಯ ಮೇಲಿನ ಹೂವನ್ನು ಮೆಲ್ಲಗೆ ಸರಿಸಿದಳು. ಮರದ ಮೇಲೆ ದುಂಡಗೆ ಒಂದು ಎಣ್ಣೆಯ ಕಲೆ. ದೀಪದ ಎಣ್ಣೆಯಲ್ಲ, ಬಗ್ಗಿದರೆ ಡೀಸೆಲ್ ವಾಸನೆ.

ಫಿಲ್ಟರ್ ಮನೆಯೊಳಗೆ ಬಂದಿತ್ತು.

ಅಮೃತೇಶನ ಮೇಲಿದ್ದ ಅನುಮಾನ ಅಲ್ಲಿಗೆ ಕಳಚಿ ಬಿತ್ತು. ಅದು ಕಳಚಿದ ಕಡೆ ಇನ್ನೂ ಕೆಟ್ಟದ್ದೊಂದು ಬಂದು ಕೂತಿತು. ಅತ್ತೆಗೆ ಗಾಡಿಯ ಕೆಲಸ ಬಾರದು. ಬಿಚ್ಚಿ ತಂದವರು ಇನ್ನೊಬ್ಬರು. ಭಾನುವಾರ ಬೆಳಿಗ್ಗೆ ತಾನು ರಾಗಿ ಹೊತ್ತುಕೊಂಡು ಮಿಲ್ಲಿಗೆ ಹೋಗಿದ್ದಾಗ ಮನೆಯಲ್ಲಿದ್ದವರು ತಾಯಿ ಮಗ ಇಬ್ಬರೇ.

ಗೊತ್ತಿದ್ದೂ ಪ್ರೇಮನ ಮೇಲೆ ಹೊರಿಸುತ್ತಿದ್ದಾನೆಯೇ? ಊಟಕ್ಕೆ ಬಡಿಸುವಾಗ ಗಂಡನ ಮುಖವನ್ನೇ ನೋಡಿದಳು. ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ನಾನೂ ಬತ್ತೀನಿ ನರಸೀಪುರಕ್ಕೆ," ಎಂದಳು.

"ನೀನ್ಯಾಕೆ?"

"ಸುಮ್ನೆ."

"ತಮ್ಮನ್ನ ಬಯ್ಯೋದ್ ಕೇಳಾಕಾ? ಬಾ ಬಾ, ಚೆನ್ನಾಗ್ ಕೇಳು."

ದಾರಿಯುದ್ದಕ್ಕೂ ಗಾಜು ಇಳಿಸಿಕೊಂಡೇ ಹೋದರು. ವಾಸನೆಗೆ ಅವಳ ತಲೆ ಸುತ್ತಿತು. ಹೇಳಿಬಿಡಲೇ ಎಂದು ಒಂದೆರಡು ಸಲ ಬಾಯಿಗೆ ಬಂತು. ಈಗ ಹೇಳಿದರೆ ಇವನು ಗಾಡಿ ತಿರುಗಿಸಿ ಮನೆಗೆ ಹೋಗಿ ಕಲೆ ಒರೆಸುವುದು ಎಷ್ಟು ಹೊತ್ತು, ಕುಂಕುಮ ತೊಳೆಯುವುದು ಎಷ್ಟು ಹೊತ್ತು? ತುಟಿ ಬಿಗಿದು ಕೂತಳು.

ಗ್ಯಾರೇಜಿನಲ್ಲಿ ಟ್ರಾಕ್ಟರ್ ರಿಪೇರಿಗೆ ಬಂದಿದ್ದ ಇಬ್ಬರು ರೈತರು ಕಲ್ಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಕಾಂತರಾಜುವಿಗೆ ಬೇಕಿದ್ದದ್ದೂ ಅದೇ.

"ಏನ್ಲಾ ಮೇಸ್ತ್ರಿ," ಎಂದು ಇಳಿಯುವಾಗಲೇ ಕೂಗಿದ, "ಬಾವನ ಗಾಡಿಗೇ ಗುಜರಿ ಸಾಮಾನು ಆಕ್ತೀಯಾ? ಬೇರೆಯೋರ್ ಗಾಡಿಗೆ ಇನ್ನೇನ್ ಆಕ್ತೀಯೋ!"

ಟೀ ಕುಡಿಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ತನ್ನ ಟ್ರಾಕ್ಟರಿನ ಕಡೆ ತಿರುಗಿ ನೋಡಿದ.

ಪ್ರೇಮನ ಕಿವಿ ಕೆಂಪಾಯಿತು. ಉತ್ತರ ಕೊಡದೆ ಕಾರಿನ ಬಳಿ ಬಂದು ಫಿಲ್ಟರ್ ತಿರುಗಿಸಿದ. ಅದು ಬಹಳ ಬಿಗಿಯಾಗಿತ್ತು. ಪಟ್ಟಿ ಹಾಕಿ ಎಳೆಯಬೇಕಾಯಿತು.

"ಇಷ್ಟೊಂದು ಬಿಗಿ ನಾನ್ ಮಾಡಿರ್ಲಿಲ್ಲ," ಎಂದು ತನ್ನಷ್ಟಕ್ಕೇ ಗೊಣಗಿದ.

ಬಿಚ್ಚಿ, ಡೀಸೆಲ್ ಚೆಲ್ಲಿ, ರಬ್ಬರ್ ಬಳೆಯನ್ನು ಬೆಳಕಿಗೆ ಹಿಡಿದ. ಸಿಂಧು ಅವನ ಹಿಂದೆಯೇ ನಿಂತಿದ್ದಳು. ಬಳೆಯ ಒಂದು ಕಡೆ ಏನೋ ಹಳದಿಯಾಗಿ ಚಪ್ಪಟೆಯಾಗಿ ಅಂಟಿತ್ತು. ಪ್ರೇಮ ಉಗುರಿನಿಂದ ಕಿತ್ತ. ಅರಿಶಿನದ ಅಕ್ಕಿಕಾಳು. ಅಕ್ಷತೆ. ಅದು ಕೂತ ಕಡೆ ರಬ್ಬರು ಕಚ್ಚಿಕೊಳ್ಳಲಾಗದೆ ಸೀಳಿತ್ತು.

ಅವನು ಕಾಳು ನೋಡಿದ, ಬಾವನನ್ನು ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ಮುಷ್ಟಿ ಮುಚ್ಚಿದ.

"ರಬ್ಬರ್ ಸರಿ ಇಲ್ಲ ಬಾವ. ನಂದೇ ತಪ್ಪು. ಬೇರೆ ಆಕ್ಕೊಡ್ತೀನಿ."

"ಅಂಗೇಳು ಮತ್ತೆ!" ಎಂದ ಕಾಂತರಾಜು, ಕಲ್ಲಿನ ಮೇಲೆ ಕೂತವರಿಗೂ ಕೇಳುವ ಹಾಗೆ. ಅವನ ಮುಖದಲ್ಲಿ ಸಿಟ್ಟಿಗಿಂತ ಭಾರ ಇಳಿದ ನಿರಾಳವೇ ಹೆಚ್ಚಾಗಿ ಕಂಡಿತು. ಸಿಂಧು ನೋಡಿದ್ದು ಅದನ್ನೇ. ಅದನ್ನು ನೋಡಿದ ಮೇಲೆ ಅವಳಿಗೆ ಸುಮ್ಮನಿರಲು ಆಗಲಿಲ್ಲ.

"ಪ್ರೇಮು, ಕೈ ಬಿಚ್ಚು."

"ಬಿಡಕ್ಕ."

"ಬಿಚ್ಚು ಅಂದೆ."

ಬಿಚ್ಚಿದ. ಮಸಿ ಹಿಡಿದ ಅಂಗೈಯಲ್ಲಿ ಹಳದಿ ಕಾಳು. ಪರ ಗಂಡಸರ ಎದುರು ಗಂಡನ ಜೊತೆ ಸಿಂಧು ಇಷ್ಟು ಗಟ್ಟಿಯಾಗಿ ಎಂದೂ ಮಾತಾಡಿರಲಿಲ್ಲ.

"ದೇವರ ಮಣೆ ಮೇಲೆ ಈ ಫಿಲ್ಟರಿನ ಕಲೆ ಅದೆ. ನಾನ್ ನೋಡಿವ್ನಿ. ಒಳಕ್ಕೆ ತಂದೋರ್ ಯಾರು? ಪೂಜೆ ಮಾಡ್ಸಿ ತಿರ್ಗಾ ಆಕ್ದೋರ್ ಯಾರು?"

"ನಾನು ಬಿಗಿಯಾಗೇ ತಿರುಗ್ಸಿದ್ದೆ!" ಎಂದುಬಿಟ್ಟ ಕಾಂತರಾಜು.

ಟ್ರಾಕ್ಟರಿನವರಲ್ಲಿ ಒಬ್ಬ ಫಕ್ಕನೆ ನಕ್ಕ. "ಮಧ್ಯದಲ್ಲಿ ದೇವ್ರು ಕೂತವ್ನೆ ಅಂದ್ಮೇಲೆ ಬಿಗಿ ಎಲ್ಲಿಂದ ಬಂದದು ಬುಡಿ ಸಾ."

ಕಾಂತರಾಜು ಕಾರಿನ ಬಾಗಿಲಿಗೆ ಒರಗಿದ. ಮೆತ್ತಗೆ ಹೇಳಿದ, "ಶುಕ್ರವಾರ ರಾಹುಕಾಲ್ದಲ್ಲಿ ಆಕವ್ನೆ, ಪೂಜೆನೂ ಇಲ್ಲ ಅಂತ ಅವ್ವ ರಂಪ ಮಾಡ್ತು. ಅದ್ಕೆ ಬಿಚ್ದೆ. ಅದರಿಂದ್ಲೇ ಸೋರ್ತದೆ ಅಂತ ನಂಗೇನ್ ಗೊತ್ತು?"

ಗೊತ್ತಿರಲಿಲ್ಲವೋ, ಗೊತ್ತು ಮಾಡಿಕೊಳ್ಳುವುದು ಬೇಡವಾಗಿತ್ತೋ, ಸಿಂಧು ಕೇಳಲಿಲ್ಲ.

ಪ್ರೇಮ ಬೇರೆ ಫಿಲ್ಟರ್ ತಂದ. ಕೂರುವ ಜಾಗವನ್ನು ಒರೆಸಿದ, ಬಳೆಗೆ ಡೀಸೆಲ್ ಸವರಿದ, ತಿರುಗಿಸುವ ಮೊದಲು ಅದನ್ನು ಬಾವನ ಮುಂದೆ ಚಾಚಿದ. "ಪೂಜೆ ಮಾಡ್ಸೋದಿದ್ರೆ ಈಗ್ಲೇ ಮಾಡ್ಸ್ಕಳಿ. ಆಮೇಲೆ ದೇವ್ರಿಗೂ ಕೊಡಲ್ಲ."

ಕಾಂತರಾಜು ನಗಲು ನೋಡಿದ. ಆಗಲಿಲ್ಲ. ಡೀಸೆಲ್ ಪೈಪಿನೊಳಗಿನ ಗಾಳಿ ಹೋಗುವವರೆಗೆ ಕೈಪಂಪು ಒತ್ತಲು ತಾನೇ ಬಗ್ಗಿದ.

ಇಂಜಿನ್ ಒಂದೇ ಸಲಕ್ಕೆ ಹತ್ತಿತು. ಕೆಳಗೆ ಹಾಸಿದ ಪೇಪರ್ ಒಣಗಿಯೇ ಇತ್ತು. ಆದರೂ ಸಿಂಧು ಅದರ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಳು.

ಹಿಂದಿರುಗುವಾಗ ಕಾಂತರಾಜು ಹೇಳಿದ, "ಅವ್ವಂಗೆ ಏಳ್ಬೇಡ."

"ನಾನ್ ಏಳಲ್ಲ. ನೀವೇ ಏಳಿ."

ದೇವನೂರಿನವರೆಗೂ ಅವಳು ಸ್ಟೀರಿಂಗ್ ಮೇಲಿದ್ದ ಅವನ ಕೈಗಳನ್ನೇ ನೋಡುತ್ತಾ ಬಂದಳು.

ಕಾರು ನಿಂತಾಗ ಸಣ್ಣತಾಯಮ್ಮ ಜಗಲಿಯಿಂದ ಎದ್ದು ಬಂದಳು. "ಏನಂದ್ನ್ಲಾ ಆ ಕಳ್ಳ? ಒಪ್ಕಂಡ್ನಾ?"

ಸಿಂಧು ಕಾರಿನಿಂದ ಇಳಿಯಲಿಲ್ಲ.

"ಅವ್ನು ಆಕಿದ್ದು ಸರ್ಯಾಗೇ ಇತ್ತು ಕಣವ್ವ," ಎಂದ ಕಾಂತರಾಜು. "ನಾವು ಬಿಚ್ಚಿದ್ದೇ ತಪ್ಪಾಗದೆ. ಅಕ್ಷತೆ ಸಿಕ್ಕಾಕಂಡಿತ್ತು."

ಮುದುಕಿಯ ಕಣ್ಣು ಮಗನನ್ನು ದಾಟಿ ಕಾರಿನೊಳಗೆ ಬಂತು, ಸೊಸೆಯ ಮೇಲೆ ನಿಂತಿತು. "ಇವ್ಳು ಏಳ್ಕೊಟ್ಳಾ?"

"ನಾನೇ ಕಣ್ಣಲ್ ನೋಡ್ದೆ. ಭಾನ್ವಾರ ಊಟಕ್ ಬಾ ಅಂತ ಏಳಿವ್ನಿ ಅವನ್ಗೆ."

ಸಣ್ಣತಾಯಮ್ಮ ಇನ್ನೂ ನೋಡುತ್ತಲೇ ಇದ್ದಳು. ಸಿಂಧು ಈ ಸಲ ತಲೆ ತಗ್ಗಿಸಲಿಲ್ಲ. ಬಾಗಿಲು ತೆರೆದು ಇಳಿದು, ಅತ್ತೆಯ ಪಕ್ಕದಿಂದಲೇ ಹಾದು ಒಳಗೆ ಹೋದಳು.