ಸದ್ದು ಬಿಟ್ಟ ಮನೆ

ಗಂಡ ಯುದ್ಧದಿಂದ ಮರಳಿದ ಮೇಲೆ ಅವಳು ಮನೆಯ ಸದ್ದುಗಳನ್ನು ಒಂದೊಂದಾಗಿ ನಿಲ್ಲಿಸಿದಳು. ಮೊದಲು ಕರೆಗಂಟೆ ಹೋಯಿತು. ಆಮೇಲೆ ಬಾಗಿಲುಗಳ ಅಂಚಿಗೆಲ್ಲ ಬಟ್ಟೆಯ ಪಟ್ಟಿ ಬಂತು. ಅವಳು ಟೈಲರ್, ಹೊಟ್ಟೆ ಹೊರೆಯುವ ಹೊಲಿಗೆ ಯಂತ್ರವನ್ನೂ ಪಕ್ಕದ ಬೀದಿಯ ಗೋದಾಮಿನ ಮೂಲೆಗೆ ಸಾಗಿಸಿದಳು. ಒಮ್ಮೆ ಸ್ಟೀಲ್ ತಟ್ಟೆ ಕೈಜಾರಿ ಬಿದ್ದಾಗ ಅವನು ಮೇಜಿನಡಿ ತೂರಿಕೊಂಡವನು ಎರಡು ಗಂಟೆ ಹೊರಗೆ ಬಂದಿರಲಿಲ್ಲ. ಮರುದಿನವೇ ಮನೆಗೆ ಪ್ಲಾಸ್ಟಿಕ್ ತಟ್ಟೆ ಬಂದವು. ಮಗಳು ಪುಟ್ಟಿಗೆ ಆಗ ಐದು ವರ್ಷ. ಅಪ್ಪ ಮನೆಯಲ್ಲಿದ್ದಾಗ ಕಿರುಚಬಾರದು, ಅಳಬಾರದು ಎಂದು ಹೇಳಿಕೊಟ್ಟಳು. ಚುರುಕು ಮಗು, ಬೇಗ ಕಲಿಯಿತು.

ಸುಳ್ಳೇಕೆ ಹೇಳಬೇಕು, ಇದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಬೀದಿಯವರೆಲ್ಲ ಸಿಪಾಯಿ ಎಂದೇ ಕರೆಯುವ ಅವಳ ಗಂಡ ಈಗ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ನಾಲ್ಕು ವರ್ಷದಲ್ಲಿ ತಾನು ಮುಕ್ಕಾಲು ಪಾಲು ಗುಣವಾಗಿದ್ದೇನೆ ಎಂದು ನಂಬಿದ್ದ. ಪಾಪ, ಅವನು ಬೆಚ್ಚಿಬೀಳುವಂಥದ್ದು ಮನೆಯಲ್ಲಿ ಏನೂ ಉಳಿದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಆ ಗ್ರಂಥಾಲಯದ ಓದುವ ಕೋಣೆಯಲ್ಲೇ ಶನಿವಾರ ಸಂಜೆ ನಾಲ್ಕಕ್ಕೆ ಯುದ್ಧ ಕಂಡು ಬಂದವರು ಸೇರುತ್ತಿದ್ದರು. ನಡೆಸುವವಳು ಅದೇ ಬಡಾವಣೆಯ ನರ್ಸಮ್ಮ, ಕೆಲಸದಿಂದ ನಿವೃತ್ತಳಾದರೂ ದರ್ಬಾರಿನಿಂದ ನಿವೃತ್ತಳಾಗದವಳು. ಕುರ್ಚಿಗಳ ಬೆನ್ನು ಗೋಡೆಗೆ, ಬಾಗಿಲು ಸದಾ ತೆರೆದೇ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ತಡೆಯಲಾಗದಿದ್ದರೆ ಎದ್ದು ಹೋಗಬಹುದು. ಆರು ತಿಂಗಳು ಗಂಡಸರು ಬೇರೆ, ಮನೆಯವರು ಬೇರೆ ಕೂತಾಗಿತ್ತು. ಈ ಶನಿವಾರ ಮೊದಲ ಬಾರಿಗೆ ಮಕ್ಕಳೂ ಸೇರಿ ಎಲ್ಲರೂ ಒಟ್ಟಿಗೆ. ಮನೆಯವರು ಇಷ್ಟು ದಿನ ಬಚ್ಚಿಟ್ಟ ಒಂದು ಮಾತು ಹೇಳಬೇಕು ಎಂದು ನರ್ಸಮ್ಮ ಕಟ್ಟಪ್ಪಣೆ ಮಾಡಿದ್ದಳು.

ಅವಳ ಬಳಿ ಅಂಥ ಮಾತು ಒಂದಿತ್ತು. ಮೂರು ವಾರದ ಹಿಂದೆ, ಅಪ್ಪ ಮಧ್ಯಾಹ್ನ ಮಲಗಿದ್ದಾಗ ಪುಟ್ಟಿ ಮಹಡಿ ಮೆಟ್ಟಿಲಿನಿಂದ ಬಿದ್ದಳು. ಬಿದ್ದವಳು ತುಟಿಪಿಟಕ್ ಅನ್ನಲಿಲ್ಲ. ಎರಡು ದಿನ ಎಡಗೈಯಲ್ಲಿ ಉಂಡಳು. ಮೂರನೆಯ ದಿನ, ಹುಡುಗಿ ಪೆನ್ಸಿಲ್ ಹಿಡಿಯುತ್ತಿಲ್ಲ ಎಂದು ಶಾಲೆಯ ಟೀಚರ್ ಹೇಳಿಕಳಿಸಿದಾಗಲೇ ಮಣಿಕಟ್ಟಿನ ಮೂಳೆ ಮುರಿದದ್ದು ತಾಯಿಗೆ ತಿಳಿದದ್ದು. ಗಂಡನಿಗೆ ಮಾತ್ರ, ಶಾಲೆಯಲ್ಲಿ ಆಡುವಾಗ ಬಿದ್ದಳು ಎಂದಳು. "ನನ್ನಿಂದ ಮಗೂಗೆ ಒಂದು ಗೀರು ಬಿದ್ರೂ ನಾನು ಈ ಮನೇಲಿರಲ್ಲ" ಎಂದು ಅವನು ಹಿಂದೊಮ್ಮೆ ಹೇಳಿದ್ದ. ಆಡಿದಂತೆ ಮಾಡುವ ಆಸಾಮಿ. ನಿಜ ಹೇಳಿದರೆ ಅವನನ್ನು ಕಳೆದುಕೊಳ್ಳುತ್ತೇನೆ ಎಂಬ ಭಯ ಅವಳಿಗೆ.

"ನಮ್ಮನೇಲಿ ನಾನು ಕೂತ ಕಡೆ ಯಾರೂ ಬರಲ್ಲ, ಬೆಕ್ಕೂ ಅರ್ಜಿ ಹಾಕ್ಕೊಂಡು ಬರುತ್ತೆ" ಎಂದ ಆ ಸಂಜೆ, ಯುದ್ಧದಲ್ಲಿ ಎರಡು ಬೆರಳು ಕಳೆದುಕೊಂಡ ಬೇಕರಿಯವನು. ಎಲ್ಲರೂ ನಕ್ಕರು. ಅಷ್ಟರಲ್ಲಿ ಪುಟ್ಟಿ ಕೂರಲು ಎಳೆದ ಮಡಚುವ ಕುರ್ಚಿ ತಟ್ಟನೆ ಮುಚ್ಚಿಕೊಂಡು, ಅವಳ ಚೆನ್ನಾಗಿದ್ದ ಕೈಯ ಬೆರಳು ಅದರ ಸಂದಿಗೆ ಸಿಕ್ಕಿತು. ಹುಡುಗಿಯ ಮುಖ ಬಿಳುಚಿತು, ಕಣ್ಣಲ್ಲಿ ನೀರು ತುಂಬಿತು. ಅವಳು ಬೆರಳನ್ನು ನೋಡಿಕೊಳ್ಳಲಿಲ್ಲ, ಅಪ್ಪನನ್ನು ನೋಡಿದಳು. ಅವನು ಬೇಕರಿಯವನ ಕಡೆ ತಿರುಗಿ ನಗುತ್ತಿದ್ದ. ಅವಳು ಮೆಲ್ಲಗೆ ಬೆರಳು ಬಿಡಿಸಿಕೊಂಡು, ಕೈಯನ್ನು ಫ್ರಾಕಿನಡಿ ಅಡಗಿಸಿ ಕೂತಳು.

ತಾಯಿ ಅದೆಲ್ಲವನ್ನೂ ನೋಡಿದಳು. ತನ್ನ ಸರದಿಗೂ ಕಾಯದೆ ಎದ್ದು ನಿಂತಳು.

"ಪುಟ್ಟಿ ಬಿದ್ದಿದ್ದು ಶಾಲೇಲಲ್ಲ ರೀ, ಮನೇಲಿ. ನೀವು ಮಲಗಿದ್ರಿ. ನಿಮಗೆ ಎಚ್ಚರ ಆಗುತ್ತೆ ಅಂತ ಅವಳು ಅಳಲಿಲ್ಲ. ಎರಡು ದಿನ ನನಗೂ ಹೇಳಲಿಲ್ಲ. ನಾನೇ ಅವಳಿಗೆ ಹಾಗೆ ಕಲಿಸಿದ್ದು. ತಪ್ಪು ನಂದು."

ಅವನು ಎದ್ದು ಹೊರಗೆ ಹೋದ. ಕಳೆದುಕೊಂಡೆ, ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿ ಅತ್ತಳು. ನರ್ಸಮ್ಮ ಅವಳ ಭುಜದ ಮೇಲೆ ಕೈಯಿಟ್ಟು ನಿಂತಳು.

ಎಷ್ಟೋ ಹೊತ್ತಿಗೆ ಅವನು ಬಾಗಿಲಲ್ಲಿ ಕಾಣಿಸಿಕೊಂಡ. ಮುಖ ತೊಳೆದುಕೊಂಡಿದ್ದ.

"ಪುಟ್ಟಿ, ತುಂಬಾ ನೋವಾಯ್ತಾ ಆವತ್ತು?"

ಪುಟ್ಟಿ ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದ ಮೇಲೆ "ಹ್ಞೂಂ" ಎಂದು ತುಟಿಯಲ್ಲೇ ಅಂದಳು.

"ಬಾ ಮಗಳೇ, ಹೊರಗೆ ಬಾ. ನೀನೂ ಬಾರೇ."

ಅಂಗಳದಲ್ಲಿ ಇಬ್ಬರನ್ನೂ ಮೆಟ್ಟಿಲ ಬಳಿ ನಿಲ್ಲಿಸಿ ಅವನು ಗೇಟಿನವರೆಗೆ ನಡೆದುಹೋದ. ಯಾರಿಗೂ ಬೆನ್ನು ಕೊಟ್ಟು ನಿಲ್ಲಲಾರದ ಮನುಷ್ಯ, ಅವರಿಗೆ ಬೆನ್ನು ಮಾಡಿ ನಿಂತ. ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಈಗ ನನ್ನನ್ನ ಕೂಗು. ಎಷ್ಟು ಜೋರಾಗಿ ಆಗುತ್ತೋ ಅಷ್ಟು."

ಪುಟ್ಟಿ ಮುಷ್ಟಿ ಬಿಗಿದಳು, ಬಾಯಿ ಅಗಲಿಸಿದಳು. ಕತ್ತಿನ ನರ ಉಬ್ಬಿತು. ಮಗ್ಗುಲಲ್ಲೇ ನಿಂತ ತಾಯಿಗೆ ಕೇಳಿಸಿದ್ದು ಬರೀ ಉಸಿರು.

"ಕೂಗು ಪುಟ್ಟಿ, ನಾನು ಹೆದರಲ್ಲ" ಎಂದ ಅವನು, ತಿರುಗದೆ. ಸ್ವಲ್ಪ ಹೊತ್ತು ಕಾದು ಮತ್ತೆ ಅಂದ: "ನಿಧಾನಕ್ಕೆ ಕೂಗು ಮಗಳೇ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ."

ಪುಟ್ಟಿ ಆಗಲೇ ಮೂರು ಸಲ ಕೂಗಿದ್ದಳು.